ಎಂಜಿಬಿಯೋ, ಟ್ರಯಂಫ್ ಟಿಆರ್6 ಕಾರೋ? ಕೊಳ್ಳುವ ಮುನ್ನ ಅಡಿಗೆ ಬಗ್ಗಿ ನೋಡಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ಮನೆಯಲ್ಲಿರಬೇಕೆಂದು ಆಸೆಪಟ್ಟವರು ಕೊನೆಗೆ ಬಂದು ನಿಲ್ಲುವುದು ಬಹುತೇಕ ಈ ಎರಡರ ಮುಂದೆಯೇ. ಜಾಗ್ವಾರ್ ಇ-ಟೈಪ್ ಸಾಮಾನ್ಯರ ಕೈ ಮೀರಿ ಬಹಳ ಕಾಲವಾಯಿತು. ಆಸ್ಟಿನ್-ಹೀಲಿ 3000 ಕೂಡ ಅದೇ ದಾರಿ ಹಿಡಿದಿದೆ. ಉಳಿದವು ಎಂಜಿಬಿ ಮತ್ತು ಟ್ರಯಂಫ್ ಟಿಆರ್6. ಎರಡರಲ್ಲೂ ಉದ್ದನೆಯ ಮೂತಿ, ಇಬ್ಬರಿಗಷ್ಟೇ ಜಾಗ, ಮಡಚುವ ಟಾಪು, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಎರಡೂ ಅಮೆರಿಕದ ಗಿರಾಕಿಯನ್ನೇ ನಂಬಿಕೊಂಡಿದ್ದವು. 1968ರ ವಿಲೀನದ ನಂತರ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸೂರಿನಡಿ ಸೇರಿದರೂ ದಾಯಾದಿಗಳಂತೆ ಕೊನೆಯವರೆಗೂ ಪೈಪೋಟಿ ನಡೆಸಿದವು.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಹೆಕ್ಟರ್‌ಗೂ ಈ ಎಂಜಿಬಿಗೂ ಹೆಸರಿನ ಹೊರತು ನಂಟಿಲ್ಲ. ಆ ಹೆಸರು ಕೈ ಬದಲಾಗುತ್ತಾ ಚೀನಾದ ಕಂಪನಿಯೊಂದರ ಪಾಲಾಗಿದೆ. ಟ್ರಯಂಫ್ ಬೈಕಿಗೂ ಟ್ರಯಂಫ್ ಕಾರಿಗೂ ಇದ್ದ ಸಂಬಂಧ 1936ರಲ್ಲೇ ಕಡಿದುಹೋಯಿತು.

ಇವೆರಡರಲ್ಲಿ ವೇಗದ ಕಾರು ಯಾವುದು ಎಂಬ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಇರುವ ಟಿಆರ್6 ಶೂನ್ಯದಿಂದ ಗಂಟೆಗೆ 60 ಮೈಲಿ ಮುಟ್ಟಲು ಎಂಟು ಸೆಕೆಂಡಿನ ಮೇಲೆ ಸ್ವಲ್ಪ ತೆಗೆದುಕೊಂಡರೆ, ಎಂಜಿಬಿ ಸುಮಾರು ಹನ್ನೆರಡು ತೆಗೆದುಕೊಳ್ಳುತ್ತದೆ. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಅರ್ಧ ಶತಮಾನ ಇಂಗ್ಲೆಂಡಿನ ಮಳೆಯನ್ನೂ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪನ್ನೂ ಉಂಡ ಕಾರನ್ನು ಕೊಳ್ಳುವವರು ಕೇಳಬೇಕಾದದ್ದು ಬೇರೆ: ತುಕ್ಕು ಎಲ್ಲಿ ಅಡಗಿದೆ, ಅದನ್ನು ತೆಗೆಯಲು ಏನನ್ನೆಲ್ಲ ಬಿಚ್ಚಬೇಕು? ಈ ಎರಡು ಕಾರುಗಳ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ.

ಎರಡು ಕಾರು, ಎರಡು ಬಗೆಯ ಕಟ್ಟೋಣ

ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಕಾರ್ಖಾನೆಯಿಂದ ಎಂಜಿಬಿ ಹೊರಬಂದದ್ದು 1962ರಲ್ಲಿ. 1980ರಲ್ಲಿ ಆ ಕಾರ್ಖಾನೆಗೆ ಬೀಗ ಬೀಳುವವರೆಗೂ ಅದು ತಯಾರಾಗುತ್ತಲೇ ಇತ್ತು, ಒಟ್ಟು ಐದು ಲಕ್ಷಕ್ಕೂ ಹೆಚ್ಚು. ಸಿಡ್ ಎನೆವರ್ ನೇತೃತ್ವದ ತಂಡ ಹಳೆಯ ಪ್ರತ್ಯೇಕ ಚಾಸಿಸ್ಸನ್ನು (ಬಾಡಿಯ ಅಡಿಯ ಉಕ್ಕಿನ ಚೌಕಟ್ಟನ್ನು) ಕೈಬಿಟ್ಟು, ಬಾಡಿಯೇ ಭಾರ ಹೊರುವ ಕಟ್ಟೋಣವನ್ನು ಆರಿಸಿಕೊಂಡಿತು. ಎಂಜಿನ್ 1798 ಸಿಸಿಯ ನಾಲ್ಕು ಸಿಲಿಂಡರಿನದು, ಪೆಟ್ರೋಲಿಗೆ ಗಾಳಿ ಬೆರೆಸಿಕೊಡಲು ಎರಡು ಎಸ್‌ಯು ಕಾರ್ಬ್ಯುರೇಟರ್, ಶಕ್ತಿ 95 ಅಶ್ವಶಕ್ತಿಯ ಆಸುಪಾಸು. 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಬಂತು. ಅದರ ಛಾವಣಿಯ ಗೆರೆಯಲ್ಲಿ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಕೈಯಿದೆ.

ಟಿಆರ್6 ತಯಾರಾದದ್ದು ಕೊವೆಂಟ್ರಿಯಲ್ಲಿ, 1968ರ ಕೊನೆಯಿಂದ 1976ರವರೆಗೆ, ತೊಂಬತ್ತು ಸಾವಿರಕ್ಕೂ ಹೆಚ್ಚು. ಹತ್ತರಲ್ಲಿ ಒಂಬತ್ತು ಕಾರು ಹಡಗು ಹತ್ತಿ ಪರದೇಶಕ್ಕೆ ಹೋದವು. ನೋಡಲು ಹೊಸ ಕಾರಿನಂತಿದ್ದರೂ ಇದು ಹಳೆಯ ಮೈಗೆ ತೊಡಿಸಿದ ಹೊಸ ಅಂಗಿ. 1961ರ ಟಿಆರ್4 ಕಾರಿಗೆ ಇಟಲಿಯ ಜಿಯೋವಾನಿ ಮಿಕೆಲೊಟ್ಟಿ ರೂಪಿಸಿದ್ದ ಬಾಡಿಯ ನಡುಭಾಗ, ಬಾಗಿಲು ಮತ್ತು ಮುಂಗಾಜನ್ನು ಹಾಗೆಯೇ ಉಳಿಸಿಕೊಂಡು, ಮೂತಿ ಮತ್ತು ಬಾಲವನ್ನು ಮಾತ್ರ ಜರ್ಮನಿಯ ಕಾರ್ಮನ್ ಸಂಸ್ಥೆ ಹೊಸದಾಗಿ ತಿದ್ದಿಕೊಟ್ಟಿತು. ಅಡಿಯಲ್ಲಿ ಪ್ರತ್ಯೇಕ ಉಕ್ಕಿನ ಚಾಸಿಸ್. ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್. ಮುಂದೆ 2498 ಸಿಸಿಯ, ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳ ಎಂಜಿನ್. ಬ್ರಿಟನ್ ಮತ್ತು ಯುರೋಪಿನ ಕಾರುಗಳಿಗೆ ಲ್ಯೂಕಾಸ್ ಕಂಪನಿಯ ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್, ಅಮೆರಿಕದ ಕಾರುಗಳಿಗೆ ಎರಡು ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್.

ಸ್ಟಿಯರಿಂಗ್ ಹಿಂದೆ ಕುಳಿತರೆ ಎರಡರ ಸ್ವಭಾವ ಬೇರೆಬೇರೆ ಎಂಬುದು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಎಂಜಿಬಿ ಸಭ್ಯ ಕಾರು. ಸ್ಟಿಯರಿಂಗ್ ನೇರ, ಎಂಜಿನ್ ಕಡಿಮೆ ವೇಗದಿಂದಲೇ ಎಳೆಯುತ್ತದೆ, ವೇಗದ ಓಟದಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಓವರ್‌ಡ್ರೈವ್ ಇದ್ದರೆ ದೂರದ ಪಯಣವೂ ಸಲೀಸು. ಟಿಆರ್6 ಒರಟು. ಕ್ಲಚ್ ಭಾರ, ಹದಗೆಟ್ಟ ರಸ್ತೆಯಲ್ಲಿ ಡ್ಯಾಶ್‌ಬೋರ್ಡೇ ನಡುಗುತ್ತದೆ, ಆಕ್ಸಿಲರೇಟರ್ ತುಳಿದರೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಆದರೆ ಆ ಆರು ಸಿಲಿಂಡರುಗಳ ಸದ್ದು! ಎರಡನೆಯ ಗೇರಿನಲ್ಲಿ ಏರು ಹತ್ತುವಾಗ ಹೊಮ್ಮುವ ಆ ಗಡಸು ದನಿಗೆ ಸೋತು ಚೆಕ್ ಬರೆದವರು ಕಡಿಮೆಯೇನಲ್ಲ. ನನ್ನ ಸಲಹೆ ಒಂದೇ: ಸದ್ದು ಕೇಳುವುದನ್ನು ಕೊನೆಗಿಡಿ. ಮೊದಲು ಹಳೆಯ ಚಾಪೆ, ಟಾರ್ಚು, ಒಂದು ಅಯಸ್ಕಾಂತದ ತುಂಡು ಹಿಡಿದು ನೆಲದ ಮೇಲೆ ಮಲಗಿ.

ಎಂಜಿಬಿ: ಬಾಗಿಲ ಸಂದು ಹೇಳುವ ಸತ್ಯ

ಎಂಜಿಬಿಯಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಸಿಲ್‌ಗಳೇ ಕಾರಿನ ಬೆನ್ನೆಲುಬು. ಹೊರಗೆ ಕಾಣುವ ತಗಡಿನ ಒಳಗೆ ಇನ್ನೊಂದು ಪದರ, ಅದರ ಕೆಳಗೆ ಕೋಟೆಯ ತೆನೆಯಾಕಾರದ ಪಟ್ಟಿ, ಎಲ್ಲವೂ ಸೇರಿದರೆ ಒಂದು ಪೆಟ್ಟಿಗೆ. ತೆರೆದ ಕಾರಿಗೆ ಛಾವಣಿಯ ಆಸರೆಯಿಲ್ಲವಾದ್ದರಿಂದ ಈ ಪೆಟ್ಟಿಗೆ ಸೊರಗಿದರೆ ಕಾರೇ ನಡುವಿನಲ್ಲಿ ಬಾಗುತ್ತದೆ. ತುಕ್ಕು ಹಿಡಿಯುವುದು ಒಳಗಿನಿಂದ. ಹೊರಗಿನ ಪದರದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನದು ಪುಡಿಯಾಗಿರುತ್ತದೆ.

ಪರೀಕ್ಷೆ ಸುಲಭ. ಬಾಗಿಲು ಮುಚ್ಚಿ, ಅದರ ಹಿಂಬದಿಯ ಅಂಚಿಗೂ ಬಾಡಿಗೂ ನಡುವಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ. ಗಟ್ಟಿ ಕಾರಿನಲ್ಲಿ ಅದು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ. ನಂತರ ಮಾಲೀಕರ ಅನುಮತಿ ಪಡೆದು ಜ್ಯಾಕ್ ಹಾಕುವ ಜಾಗದಲ್ಲಿ ನಿಧಾನವಾಗಿ ಕಾರನ್ನು ಎತ್ತಿಸಿ. ಎತ್ತುತ್ತಿರುವಾಗಲೇ ಸಂದು ಕಿರಿದಾದರೆ, ಬಾಗಿಲು ತೆರೆಯಲು ತಿಣುಕಿದರೆ, ಅಥವಾ ಜ್ಯಾಕ್ ಅಡಿಯಲ್ಲಿ ಕರಕರ ಸದ್ದು ಬಂದರೆ, ಧನ್ಯವಾದ ಹೇಳಿ ಹೊರಡಿ. ಜ್ಯಾಕ್ ಹಾಕಲು ಮಾಲೀಕರೇ ಬಿಡದಿದ್ದರೆ? ಅದೂ ಒಂದು ಉತ್ತರವೇ.

ಹಳೆಯ ತುಕ್ಕಿನ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಫಳಫಳ ಬಣ್ಣ ಹೊಡೆಸಿದ ಕಾರುಗಳು ಸಾಕಷ್ಟಿವೆ. ಅಯಸ್ಕಾಂತ ಬೇಕಾಗುವುದು ಇಲ್ಲೇ: ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ. ಆದರೆ ಬಾನೆಟ್ಟಿನ ಮೇಲೆ ಹಿಡಿಯದಿದ್ದರೆ ಗಾಬರಿ ಬೇಡ, ಖುಷಿಪಡಿ. ಮೊದಲ ವರ್ಷಗಳ ಎಂಜಿಬಿಗಳಿಗೆ ಬಾನೆಟ್ ಅಲ್ಯೂಮಿನಿಯಮ್ಮಿನದೇ. ಸೀಟುಗಳ ಹಿಂದಿನ ಕಾರ್ಪೆಟ್ ಎತ್ತಿದರೆ ಹಳೆಯ ಕಾರುಗಳಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಅವು ಕೂತ ತಟ್ಟೆಗಳನ್ನು ಆಸಿಡ್ ತಿಂದಿರುತ್ತದೆ, ಕೈಯಾಡಿಸಿ ನೋಡಿ. ಬಾಗಿಲಿನ ಸಣ್ಣ ತ್ರಿಕೋನ ಗಾಜಿನ ಕೆಳಗೆ ತಗಡು ಸೀಳುವುದು ಈ ಕಾರಿನ ಹುಟ್ಟುಗುಣ. ಅದಕ್ಕೆ ಬೆಲೆ ಇಳಿಸಿ ಕೇಳಬಹುದು, ಕಾರನ್ನೇ ಬಿಡಬೇಕಾಗಿಲ್ಲ.

ಯಂತ್ರಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಹೆಚ್ಚಿನ ರಹಸ್ಯವಿಲ್ಲ. ಎಂಜಿನ್ ಗಟ್ಟಿ ಪಿಂಡ. ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು ಓಟದಲ್ಲಿ 50ರ ಮೇಲೆ ನಿಂತರೆ ಸಮಾಧಾನ. ಮುಂದಿನ ಚಕ್ರಗಳು ತಿರುಗಲು ಆಸರೆಯಾದ ಕಿಂಗ್‌ಪಿನ್‌ಗಳಿಗೆ ಕಾಲಕಾಲಕ್ಕೆ ಗ್ರೀಸ್ ಬಿದ್ದಿದೆಯೇ ಎಂದು ಕೇಳಿ.

ಟಿಆರ್6: ಚಾಸಿಸ್ ಇದೆ ಎಂಬ ಹುಸಿ ಧೈರ್ಯ

ಟಿಆರ್6 ಮಾರುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಿರುತ್ತದೆ: ಇದಕ್ಕೆ ಪ್ರತ್ಯೇಕ ಚಾಸಿಸ್ ಇದೆ, ಬಾಡಿಗೆ ತುಕ್ಕು ಹಿಡಿದರೂ ಚಿಂತೆಯಿಲ್ಲ. ಅರ್ಧ ಸತ್ಯ. ಬಾಡಿ ಹೊಳೆಯುತ್ತಿದ್ದು ಚಾಸಿಸ್ ಕೊಳೆತಿರುವ ಟಿಆರ್6 ಬೇಕಾದಷ್ಟು ಸಿಗುತ್ತವೆ. ಚಾಸಿಸ್ಸಿನ ಮುಂಭಾಗ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಎಂಜಿನ್ ಸುರಿಸುವ ಆಯಿಲ್ ಅದನ್ನು ವರ್ಷಗಟ್ಟಲೆ ಕಾಪಾಡಿರುತ್ತದೆ. ಕೇಡು ಇರುವುದು ಹಿಂದೆ. ಹಿಂದಿನ ಚಕ್ರಗಳನ್ನು ಹಿಡಿದ ತೋಳುಗಳು ಚಾಸಿಸ್ಸಿಗೆ ಸೇರುವ ಜಾಗದಲ್ಲಿ ಕೆಸರು ಕೂತು, ಪದರ ಪದರವಾದ ತಗಡಿನ ನಡುವೆ ನೀರು ನಿಂತು, ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕಾದ ಮೊದಲ ಜಾಗ ಅದು. ಸರಿಯಾದ ದುರಸ್ತಿ ಎಂದರೆ ಬಾಡಿಯನ್ನು ಚಾಸಿಸ್ಸಿನಿಂದ ಪೂರ್ತಿ ಎತ್ತಿಡಬೇಕು. ಹಾಗೆ ಎತ್ತಿಟ್ಟು ರಿಪೇರಿ ಮಾಡಿಸಿದವರು ಪ್ರತಿ ಹಂತದ ಫೋಟೊ ಇಟ್ಟುಕೊಂಡಿರುತ್ತಾರೆ. ಫೋಟೊ ಇಲ್ಲದ ಪೂರ್ಣ ಪುನರುಜ್ಜೀವನವನ್ನು ನಾನಂತೂ ನಂಬುವುದಿಲ್ಲ.

ಎರಡನೆಯದು ಡಿಫರೆನ್ಷಿಯಲ್, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ. ಅದನ್ನು ಚಾಸಿಸ್ಸಿಗೆ ನೇತುಹಾಕಿರುವ ಪಿನ್ನುಗಳು ಎಂಜಿನ್ನಿನ ಎಳೆತ ತಾಳದೆ ಬುಡಸಮೇತ ಕಿತ್ತುಬರುತ್ತವೆ, ಸಾಮಾನ್ಯವಾಗಿ ಮುಂದಿನ ಬಲಗಡೆಯದು. ನಿಂತಲ್ಲೇ ಮೊದಲ ಗೇರು, ರಿವರ್ಸ್, ಮತ್ತೆ ಮೊದಲ ಗೇರು ಹಾಕಿ ಕಾರನ್ನು ಒಂದೊಂದು ಅಡಿ ಅತ್ತಿತ್ತ ಸರಿಸಿ. ಹಿಂದಿನಿಂದ ‘ಠಣ್’ ಎಂದು ಲೋಹದ ಸದ್ದು ಬಂದರೆ ಕಾರಣ ಇದೇ ಇರಬಹುದು, ಇಲ್ಲವೇ ಚಕ್ರಗಳಿಗೆ ಹೋಗುವ ಶಾಫ್ಟಿನ ಕೀಲುಗಳು ಸವೆದಿರಬಹುದು. ಎರಡನೆಯದಾದರೆ ಖರ್ಚು ಕಡಿಮೆ. ಯಾವುದೆಂದು ಅಡಿಗೆ ಹೋಗಿ ನೋಡದೆ ತಿಳಿಯದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ಅತಿ ದುಬಾರಿಯಾಗುವುದೂ ಅದೇ. ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಹಿಂದೆ ಮುಂದೆ ಸರಿಯದಂತೆ ತಡೆಯಲು ಅರ್ಧಚಂದ್ರಾಕಾರದ ಎರಡು ತೆಳು ಥ್ರಸ್ಟ್ ವಾಷರುಗಳಿವೆ. ಕ್ಲಚ್ ಒತ್ತಿದಾಗಲೆಲ್ಲ ಅವು ಸವೆಯುತ್ತವೆ. ಪೂರ್ತಿ ಸವೆದು ಕೆಳಗೆ ಉದುರಿದರೆ ಕ್ರ್ಯಾಂಕ್ ನೇರವಾಗಿ ಎಂಜಿನ್ ಬ್ಲಾಕನ್ನೇ ತೇಯುತ್ತದೆ, ಆಮೇಲೆ ಬ್ಲಾಕು ಗುಜರಿಗೆ. ಎಂಜಿನ್ ಆರಿಸಿ, ಜೊತೆಗಾರರೊಬ್ಬರಿಗೆ ಕ್ಲಚ್ ಒತ್ತಿ ಬಿಡಲು ಹೇಳಿ, ನೀವು ಮುಂದೆ ನಿಂತು ಫ್ಯಾನ್ ಹಿಂದಿನ ಪುಲ್ಲಿಯನ್ನು ನೋಡಿ. ಅದು ಹಿಂದೆ ಮುಂದೆ ಹೋಗುವುದು ಬರಿಗಣ್ಣಿಗೆ ಎದ್ದು ಕಂಡರೆ ಆ ಎಂಜಿನ್ನನ್ನು ಅಂದು ಓಡಿಸುವುದೂ ಬೇಡ.

ಇನ್ನು ಇಂಜೆಕ್ಷನ್. ಲ್ಯೂಕಾಸ್ ವ್ಯವಸ್ಥೆಗೆ ಇರುವಷ್ಟು ಕೆಟ್ಟ ಹೆಸರು ಅದಕ್ಕೆ ಸಲ್ಲದು. ಬೂಟಿನಲ್ಲಿರುವ ವಿದ್ಯುತ್ ಪಂಪು ಚದರ ಅಂಗುಲಕ್ಕೆ ನೂರು ಪೌಂಡ್ ಮೀರಿದ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಪಕ್ಕದ ಮೀಟರಿಂಗ್ ಯೂನಿಟ್ ಅದನ್ನು ಅಳೆದು ಒಂದೊಂದು ಸಿಲಿಂಡರಿಗೂ ಹಂಚುತ್ತದೆ. ಕಷ್ಟ ಪಂಪಿನದು. ಗಾಜು ಒರೆಸುವ ವೈಪರ್ ಮೋಟರಿನ ವಂಶದ್ದು ಅದರ ಮೋಟರು, ಬಿಸಿಲಿನಲ್ಲಿ ದೂರ ಓಡಿಸಿದರೆ ಕಾದು ಕೈಕೊಡುತ್ತದೆ. ಅದರ ಜಾಗದಲ್ಲಿ ಬಾಷ್ ಪಂಪು ಕೂರಿಸುವುದು ಎಷ್ಟು ರೂಢಿಯಾಗಿದೆಯೆಂದರೆ, ಮೂಲ ಪಂಪಿಗಾಗಿ ಹಟ ಹಿಡಿಯುವ ಸಂಗ್ರಾಹಕರೂ ಇದನ್ನು ಕಂಡು ಮೂಗು ಮುರಿಯುವುದಿಲ್ಲ. ಬೂಟು ತೆರೆದಾಗ ಪೆಟ್ರೋಲ್ ವಾಸನೆ ಬಂದರೆ, ಅರ್ಧ ಆಕ್ಸಿಲರೇಟರಿನಲ್ಲಿ ಎಂಜಿನ್ ತಡವರಿಸಿದರೆ, ಇಂಜೆಕ್ಷನ್ ಬಲ್ಲ ಮೆಕ್ಯಾನಿಕ್‌ನ ಫೋನ್ ನಂಬರ್ ಕೈಯಲ್ಲಿದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಯಾವ ವರ್ಷದ ಕಾರು?

ಸಂಗ್ರಹಕ್ಕೆಂದು ಕೊಳ್ಳುವವರಿಗೆ ಎಂಜಿಬಿಯಲ್ಲಿ ಒಂದು ದೊಡ್ಡ ಗೆರೆ ಇದೆ: 1974ರ ಕೊನೆ. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಮಣಿದು ಆಗ ಕ್ರೋಮ್ ಬಂಪರ್ ಹೋಗಿ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಅದಕ್ಕೂ ಮಿಗಿಲಾಗಿ ತೆರೆದ ಕಾರಿನಿಂದ ಆ್ಯಂಟಿ-ರೋಲ್ ಬಾರ್ ತೆಗೆದರು, ತಿರುವಿನಲ್ಲಿ ಅದು ದೋಣಿಯಂತೆ ವಾಲತೊಡಗಿತು. 1977ರ ಮಾಡೆಲ್‌ನಿಂದ ಬಾರ್ ಮರಳಿತು, ಬಂಪರ್ ಮಾತ್ರ ಉಳಿಯಿತು. ಓಡಿಸಲಷ್ಟೇ ಬೇಕೆನ್ನುವವರಿಗೆ ಕೊನೆಯ ವರ್ಷಗಳ ರಬ್ಬರ್ ಬಂಪರ್ ಕಾರು ಒಳ್ಳೆಯ ವ್ಯಾಪಾರ. ಮುಂದೆ ಮಾರುವ ಯೋಚನೆಯಿದ್ದರೆ ಕ್ರೋಮ್ ಬಂಪರನ್ನೇ ಹುಡುಕಿ. ಅದರಲ್ಲೂ ನನಗೆ ಹಿಡಿಸುವುದು 1967ರ ಕೊನೆಯಿಂದ 1974ರವರೆಗಿನವು: ನಾಲ್ಕೂ ಗೇರುಗಳಿಗೆ ಸಿಂಕ್ರೊಮೆಷ್ (ಗೇರು ಕರಕರವೆನ್ನದೆ ಬೀಳಲು ನೆರವಾಗುವ ಜೋಡಣೆ), ಡೈನಮೋ ಬದಲು ಆಲ್ಟರ್ನೇಟರ್, ಐದು ಬೇರಿಂಗಿನ ಕ್ರ್ಯಾಂಕ್. 1964ರವರೆಗಿನ ಮೂರು ಬೇರಿಂಗಿನ ಕಾರುಗಳು ಚಂದ, ಸಂಗ್ರಾಹಕರಿಗೆ ಪ್ರಿಯ, ದಿನಬಳಕೆಗೆ ಅಲ್ಲ. ಅಪರೂಪದ್ದೇ ಬೇಕೆಂದರೆ 1973ರಿಂದ 1976ರವರೆಗೆ 2,591 ಮಾತ್ರ ತಯಾರಾದ ಜಿಟಿ ವಿ8 ಇದೆ. ಆದರೆ ಅದು ಬೇರೆಯೇ ಬಜೆಟ್ಟಿನ ಮಾತು.

ಟಿಆರ್6 ವಿಷಯದಲ್ಲಿ ಕಣ್ಣಿಗಿಂತ ಚಾಸಿಸ್ ಸಂಖ್ಯೆಯನ್ನು ನಂಬಿ. ‘ಸಿಪಿ’ ಎಂದು ಶುರುವಾದರೆ 150 ಅಶ್ವಶಕ್ತಿಯ ಮೊದಲ ಇಂಜೆಕ್ಷನ್ ಕಾರು, ‘ಸಿಆರ್’ ಆದರೆ 1972ರ ಕೊನೆಯ ನಂತರದ 125 ಅಶ್ವಶಕ್ತಿಯದು. ಅಂಕಿ ಇಳಿದದ್ದರಲ್ಲಿ ಒಂದು ಪಾಲು ಅಳೆಯುವ ಕ್ರಮ ಬದಲಾದದ್ದರಿಂದ. ಇನ್ನೊಂದು ಪಾಲು ಮೆತ್ತಗಿನ ಕ್ಯಾಮ್‌ಶಾಫ್ಟಿನಿಂದ. ‘ಸಿಸಿ’ ಮತ್ತು ‘ಸಿಎಫ್’ ಎಂದಿದ್ದರೆ ಅದು ಕಾರ್ಬ್ಯುರೇಟರ್ ಹೊತ್ತು ಅಮೆರಿಕಕ್ಕೆ ಹೋದ ಕಾರು. ಈಗ ಬ್ರಿಟನ್ನಿನಲ್ಲಿ ಮಾರಾಟಕ್ಕಿರುವ ಎಷ್ಟೋ ಟಿಆರ್6ಗಳು ಹೀಗೆ ಹೋಗಿ ಮರಳಿ ಬಂದು, ಸ್ಟಿಯರಿಂಗನ್ನು ಎಡದಿಂದ ಬಲಕ್ಕೆ ಬದಲಿಸಿಕೊಂಡು, ಇಂಜೆಕ್ಷನ್ ತೊಟ್ಟುಕೊಂಡಂಥವು. ಅದರಲ್ಲಿ ತಪ್ಪೇನಿಲ್ಲ. ಕ್ಯಾಲಿಫೋರ್ನಿಯಾದ ಒಣಹವೆಯಲ್ಲಿ ಬೆಳೆದ ಚಾಸಿಸ್ ಇಂಗ್ಲೆಂಡಿನದಕ್ಕಿಂತ ಆರೋಗ್ಯವಾಗಿರುವುದೂ ಉಂಟು. ತಪ್ಪು ಇರುವುದು ‘ಸಿಪಿ’ ಕಾರಿನ ಬೆಲೆಗೆ ಅದನ್ನು ಮಾರುವುದರಲ್ಲಿ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆಗಳಿಂದ ಪ್ರಮಾಣಪತ್ರ ಕೊಡುತ್ತದೆ. ಕಾರು ಯಾವ ಬಣ್ಣದಲ್ಲಿ, ಯಾವ ಎಂಜಿನ್ ಸಂಖ್ಯೆಯೊಂದಿಗೆ, ಎಲ್ಲಿಗೆ ಹೊರಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಮುಂಗಡ ಕೊಡುವ ಮುನ್ನ ಅದನ್ನು ಕೇಳಿ.

ಬೆಲೆ, ಬಿಡಿಭಾಗ, ಮತ್ತು ನನ್ನ ಓಟು

ಸಮಾನ ಸ್ಥಿತಿಯಲ್ಲಿರುವ ಎರಡನ್ನು ಪಕ್ಕಪಕ್ಕ ನಿಲ್ಲಿಸಿದರೆ ಟಿಆರ್6 ಬೆಲೆ ಹೆಚ್ಚು. ಎಂಜಿಬಿಯಲ್ಲಿ ತೆರೆದ ಕಾರಿಗಿಂತ ಜಿಟಿ ಅಗ್ಗ, ಇದು ನನಗೆ ಎಂದೂ ಅರ್ಥವಾಗದ ಮಾರುಕಟ್ಟೆಯ ಚಪಲ: ಮಳೆ ಸೋರದ, ಹಿಂಬಾಗಿಲು ತೆರೆದರೆ ಎರಡು ಸೂಟ್‌ಕೇಸ್ ಹಿಡಿಸುವ ಕಾರಿಗೆ ಕಡಿಮೆ ಬೆಲೆ! ಎರಡೂ ವಿರಳ ಕಾರುಗಳಲ್ಲ. ಹಾಗಾಗಿ ಹೂಡಿಕೆ ಎಂದು ಬೀಗುವ ಜಾಹೀರಾತುಗಳನ್ನು ಪಕ್ಕಕ್ಕಿಡಿ. ಕೊಳೆತ ಕಾರನ್ನು ಅಗ್ಗಕ್ಕೆ ತಂದು ಸರಿಮಾಡಿಸಿದರೆ ಆಗುವ ಖರ್ಚು, ಚೆನ್ನಾಗಿರುವುದನ್ನೇ ಕೊಂಡಿದ್ದರೆ ಆಗುತ್ತಿದ್ದ ಖರ್ಚನ್ನು ಮೀರುತ್ತದೆ. ಎರಡು ಕಾರಿಗೂ ಈ ಲೆಕ್ಕ ತಪ್ಪದು.

ಬಿಡಿಭಾಗಗಳಲ್ಲಿ ಎಂಜಿಬಿಗೆ ಸಾಟಿಯಿಲ್ಲ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಬಳಸಿ ಹೊಚ್ಚ ಹೊಸ ಬಾಡಿ ತಯಾರಿಸತೊಡಗಿತು. ನಿಮ್ಮ ಹಳೆಯ ಎಂಜಿನ್, ಗೇರ್‌ಬಾಕ್ಸ್, ಚಕ್ರಗಳನ್ನು ಅದರೊಳಗೆ ಕೂರಿಸಬಹುದು. ಟಿಆರ್6 ಭಾಗಗಳಿಗೂ ಬರವಿಲ್ಲ, ಆದರೆ ತಗಡಿನ ಭಾಗಗಳನ್ನು ಜೋಡಿಸಿ ಸಂದು ಸರಿಹೊಂದಿಸಲು ತಾಳ್ಮೆ ಮತ್ತು ಹಣ ಎರಡೂ ಬೇಕು.

ನನ್ನನ್ನು ಕೇಳಿದರೆ, ಮೊದಲ ಹಳೆಯ ಕಾರು ಕೊಳ್ಳುವವರು ಕಣ್ಣು ಮುಚ್ಚಿ ಕ್ರೋಮ್ ಬಂಪರಿನ ಎಂಜಿಬಿ ಜಿಟಿಯತ್ತ ನಡೆಯಲಿ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು, ಇದಕ್ಕೆ ಮೊದಲು ಒಂದೆರಡು ಹಳೆಯ ಕಾರುಗಳೊಡನೆ ಏಗಿದವರು ಟಿಆರ್6 ಕೊಳ್ಳಲಿ, ಅದೂ ಚಾಸಿಸ್ ದುರಸ್ತಿಯ ಫೋಟೊಗಳಿರುವ ‘ಸಿಪಿ’ ಕಾರನ್ನು. ಆ ಸದ್ದಿನ ಸುಖ ಎಂಜಿಬಿಯಲ್ಲಿ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ಅನುಕೂಲ: ನಲವತ್ತು ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆಯಿಲ್ಲ, ದೊಡ್ಡ ಮಾರ್ಪಾಡು ಆಗಿರದಿದ್ದರೆ ವಾರ್ಷಿಕ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ತಪಾಸಣೆ ಬೇಡವೆಂದು ಸರ್ಕಾರ ಹೇಳಿದರೂ ವರ್ಷಕ್ಕೊಮ್ಮೆ ಮಾಡಿಸಿ, ಬ್ರೇಕಿಗೆ ಕಾನೂನು ತಿಳಿಯದು.

ಭಾರತಕ್ಕೆ ತರುವ ಯೋಚನೆ ಇದ್ದರೆ

ಹಿಂದೆ 1950ಕ್ಕೆ ಮೊದಲಿನ ಕಾರುಗಳಿಗಷ್ಟೇ ಇದ್ದ ಆಮದು ಸಡಿಲಿಕೆ 2025ರಲ್ಲಿ ಐವತ್ತು ವರ್ಷ ದಾಟಿದ ಕಾರುಗಳಿಗೂ ಸಿಕ್ಕಿದೆ. ಹಾಗಾಗಿ ಬಹುತೇಕ ಟಿಆರ್6 ಮತ್ತು ಕ್ರೋಮ್ ಬಂಪರಿನ ಎಂಜಿಬಿ ಈಗ ಆ ಲೆಕ್ಕದೊಳಗೆ ಬರುತ್ತವೆ. ಸುಂಕ, ತೆರಿಗೆ ಎಲ್ಲ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತದೆ, ಅದನ್ನು ಮೊದಲೇ ಕೂಡಿಟ್ಟುಕೊಳ್ಳಿ. 2021ರ ವಿಂಟೇಜ್ ನೋಂದಣಿ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕದಲ್ಲಿ ‘ವಿಎ’. ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂದು ನಿಯಮ ಹೇಳುವುದರಿಂದ, ಬಹಳ ಬದಲಾವಣೆಯಾದ ಕಾರನ್ನು ತಂದು ಕಚೇರಿಯಲ್ಲಿ ವಿವರಣೆ ಕೊಡುವ ಪಾಡು ಬೇಡ. ರ‍್ಯಾಲಿ, ಪ್ರದರ್ಶನಗಳಿಗೆ ಓಡಿಸಬಹುದು. ದಿನಾ ಆಫೀಸಿಗೆ ಹೋಗಲು ಬಳಸುವಂತಿಲ್ಲ.

ರಿಪೇರಿಯ ವಿಷಯದಲ್ಲಿ ನಮಗೆ ಅನಿರೀಕ್ಷಿತ ಲಾಭವೊಂದಿದೆ. ಎಂಜಿಬಿಯ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ದಶಕಗಟ್ಟಲೆ ಅಂಬಾಸಿಡರ್ ಕಾರನ್ನು ಎಳೆದ 1489 ಸಿಸಿ ಪೆಟ್ರೋಲ್ ಎಂಜಿನ್ ಅದರದೇ ತಮ್ಮ. ಭಾಗಗಳೆಲ್ಲ ಅದಲುಬದಲಾಗವು, ಆದರೆ ಅಂಬಾಸಿಡರಿನ ಟ್ಯಾಪೆಟ್ ಕೂರಿಸಿ ಪಳಗಿದ ಹಿರಿಯ ಮೆಕ್ಯಾನಿಕ್ ಎಂಜಿಬಿಯ ಬಾನೆಟ್ ತೆರೆದು ಕಂಗಾಲಾಗುವುದಿಲ್ಲ. ಟಿಆರ್6 ಎಂಜಿನ್ನಿಗೂ ಇಲ್ಲಿ ದೂರದ ನೆಂಟನಿದ್ದಾನೆ: ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ನಿನ ವಂಶದಿಂದಲೇ ಈ ಆರು ಸಿಲಿಂಡರಿನದು ಬೆಳೆದು ಬಂದದ್ದು, ಹೆರಾಲ್ಡಿನ ಬಾಡಿಯನ್ನು ರೂಪಿಸಿದ್ದೂ ಅದೇ ಮಿಕೆಲೊಟ್ಟಿ.

ಪೆಟ್ರೋಲಿನ ಬಗ್ಗೆ ಮಾತ್ರ ಎಚ್ಚರ. ನಮ್ಮ ಪಂಪುಗಳಲ್ಲಿ ಈಗ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಹಾಳುಗೆಡವುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಪ್ರತಿ ರಬ್ಬರ್ ತುಂಡನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿದ ಮೇಲೆಯೇ ಎಂಜಿನ್ ಶುರುಮಾಡಿ. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗುವ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದಾರೆಯೇ ಎಂದೂ ಕೇಳಿ. ಎಂಜಿಬಿಗಾದರೆ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಾರ್ಬ್ಯುರೇಟರ್ ಸೀಲುಗಳ ಇಡೀ ಕಿಟ್ ರಜೆಗೆ ಊರಿಗೆ ಬರುವ ಬಂಧುಗಳ ಸೂಟ್‌ಕೇಸಿನ ಮೂಲೆಯಲ್ಲಿ ಕೂರುತ್ತದೆ. ಲ್ಯೂಕಾಸ್ ಮೀಟರಿಂಗ್ ಯೂನಿಟ್ಟಿನ ಸೀಲು ಹೋದರೆ ಇಡೀ ಯೂನಿಟ್ಟನ್ನೇ ಬಿಚ್ಚಿ, ಅದನ್ನು ಅಳತೆಯ ಬೆಂಚಿನ ಮೇಲೆ ಹದಗೊಳಿಸಬಲ್ಲ ಪರಿಣತರಿಗೆ ಇಂಗ್ಲೆಂಡಿಗೆ ಕಳುಹಿಸಿ, ಅದು ಮರಳಿ ಬಂದು ಕಸ್ಟಮ್ಸ್ ದಾಟುವವರೆಗೆ ಕಾಯಬೇಕು. ಹಾಗಾಗಿ ಬೆಂಗಳೂರಿಗೋ ಮೈಸೂರಿಗೋ ಟಿಆರ್6 ತರುವುದೇ ನಿಶ್ಚಯವಾದರೆ, ಬ್ರಿಟನ್ನಿನ ಸಂಗ್ರಾಹಕರು ಕೀಳಾಗಿ ಕಾಣುವ ಆ ಕಾರ್ಬ್ಯುರೇಟರಿನ ಕಾರನ್ನೇ ನೋಡಿ.